ಪಿಯಾನೊ ಟೀಚರ್ ಆಗುವವರಿಗೆ ಭಾವ ಕಲಿಸೋದು ಹೇಗೆ?

ಕೋಟೆಬದಿ, ಬಳ್ಳಾರಿ
ಪಿಯಾನೊ ಕಲಿಸೋಕೆ ನಾಲ್ವರು ತಯಾರಾಗ್ತಿದ್ದಾರೆ. ಎಲ್ಲರೂ ಪೇಟಿ (ಹಾರ್ಮೋನಿಯಂ) ನುಡಿಸಿ ಬಂದವರು. ಸ್ವರ ಸರಿ, ಲೆಕ್ಕ ಸರಿ, ಕೇಳೋಕೆ ಮಾತ್ರ ಒಣ. ಮಗುವಿಗೆ "ಭಾವ ತುಂಬಿ ನುಡಿಸು" ಅಂತಾರೆ, ಅದು ಕೀಗಳನ್ನ ಇನ್ನಷ್ಟು ಜೋರಾಗಿ ಗುದ್ದುತ್ತೆ. ಎಲ್ಲಿಂದ ಶುರು ಮಾಡಿಸಲಿ? ಇರೋದು 61 ಕೀಗಳ ಕೀಬೋರ್ಡ್.

ಸ್ವರದಾರಿ, ರಾಯಚೂರು
ಮೊದಲು ಟಚ್ ರೆಸ್ಪಾನ್ಸ್ ಆನ್ ಇದೆಯಾ ನೋಡ್ರಿ. ಆಫ್ ಇದ್ದರೆ ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಒಂದೇ ಸದ್ದು. ಧ್ವನಿ ಪಿಯಾನೊದ್ದೇ ಇರಲಿ. ಆರ್ಗನ್ ಇಟ್ಟರೆ ಸ್ವರ ಆರೋದೇ ಇಲ್ಲ.

ತೊಡಕು ಇರೋದು ಪೇಟಿ ರೂಢಿಯಲ್ಲಿ. ಪೇಟಿಯಲ್ಲಿ ಸ್ವರ ಹಿಡಿದುಕೊಂಡೇ ತಿದಿಯಿಂದ ದನಿ ಏರಿಸಬಹುದು, ಇಳಿಸಬಹುದು. ಪಿಯಾನೊ ಕೀ ಇಳಿಯೋದು ಸುಮಾರು 10 ಮಿ.ಮೀ. ಆ ಇಳಿತದಲ್ಲಿ ಬೆರಳಿಗೆ ಎಷ್ಟು ವೇಗ ಇತ್ತೋ ಅಷ್ಟೇ ಸದ್ದು. ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದ ಮೇಲೆ ಎಷ್ಟು ಅದುಮಿದರೂ ವ್ಯರ್ಥ, ಸ್ವರ ಆಗಲೇ ಆರತೊಡಗಿರುತ್ತೆ. ಹಾಗಾಗಿ ಉದ್ದ ಸ್ವರ ಮುಗಿಯುವಾಗ ಉಳಿದಿರೋ ದನಿಯನ್ನ ಕೇಳಿಸಿಕೊಂಡು, ಮುಂದಿನ ಸ್ವರವನ್ನ ಅದೇ ಮಟ್ಟದಲ್ಲಿ ಕೂಡಿಸಬೇಕು. ಇಲ್ಲದಿದ್ದರೆ ಸಾಲು ಅಲ್ಲೇ ತುಂಡಾಗುತ್ತೆ.

ಇನ್ನೊಂದು ಅಭ್ಯಾಸ, ದಿನಾ ಹತ್ತು ನಿಮಿಷ: ಬಲಗೈ ಸಾಲು ನುಡಿಸಲಿ, ಎಡಗೈ ತನ್ನ ಕೀಗಳನ್ನ ಸದ್ದಿಲ್ಲದೆ ಬರೀ ಸವರಲಿ. ಆಮೇಲೆ ಎಡಗೈಗೆ ಚೂರುಚೂರೇ ದನಿ ಬರಲಿ.

ಗೊಂಬೆಮನೆ, ಕೊಪ್ಪಳ
ನುಡಿಸೋ ಮುಂಚೆ ಹಾಡಿಸ್ರಿ, ದನಿ ಹೇಗಿದ್ದರೂ ಚಿಂತೆ ಇಲ್ಲ. ಉಸಿರು ಎಲ್ಲಿ ಬಿತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿಸ್ರಿ. ನುಡಿಸುವಾಗ ಆ ಜಾಗದಲ್ಲಿ ಮಣಿಕಟ್ಟು ಹಗುರಾಗಿ ಮೇಲೇಳಬೇಕು.

ರಷ್ಯಾದ ಸಂಗೀತ ರಚನಕಾರ ಚೈಕೋವ್ಸ್ಕಿ 1878ರಲ್ಲಿ ಮಕ್ಕಳಿಗಾಗಿ 24 ಪುಟ್ಟ ರಚನೆ ಬರೆದರು. ಅದರಲ್ಲಿ ಗೊಂಬೆಗೆ ಕಾಯಿಲೆ ಬರೋ ರಚನೆ ಜಿ ಮೈನರ್ ಸ್ವರಶ್ರೇಣಿಯಲ್ಲಿ, ನಿಧಾನ. ಹೊಸ ಗೊಂಬೆ ಬರೋ ರಚನೆ ಬಿ ಫ್ಲಾಟ್ ಮೇಜರ್‌ನಲ್ಲಿ, ಚುರುಕು. ಕಿನ್ನಾಳ ಗೊಂಬೆ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಹೆಸರು ಹೇಳದೆ ನುಡಿಸಲಿ, ಉಳಿದ ಮೂವರು ಕೇಳಿ ಏನು ಬದಲಾಯ್ತು ಅಂತ ಹೇಳಲಿ. "ದುಃಖ ಅನ್ನಿಸ್ತು" ಅಂದರೆ ಸಾಲದು. "ಎರಡನೇ ಸಾಲಿನ ಕೊನೇ ಸ್ವರ ಮೆಲ್ಲಗಾಯ್ತು, ಮುಂದಿನದು ಕೂದಲೆಳೆಯಷ್ಟು ತಡವಾಗಿ ಬಂತು" ಅನ್ನಬೇಕು. ಆ ಮಾತು ಬಾಯಿಗೆ ಬಂದವರೇ ನಾಳೆ ಮಗುವಿಗೆ ಹೇಳಿಕೊಡಬಲ್ಲರು. ನೀವೇ ನುಡಿಸಿ ತೋರಿಸಿದರೆ ಬೇಗ ಸುಧಾರಿಸ್ತಾರೆ ನಿಜ, ಆದರೆ ಅದು ನಕಲು. ಮುಂದಿನ ರಚನೆಗೆ ಮತ್ತೆ ಅದೇ ಒಣತನ.

ಕೋಟೆಬದಿ, ಬಳ್ಳಾರಿ
ಇಬ್ಬರಿಗೂ ಧನ್ಯವಾದ. ಕೀ ಬಿಟ್ಟ ಮೇಲೂ ಸ್ವರ ಉಳಿಸೋ ಪೆಡಲ್ ಈಗಲೇ ಕೊಡಬಹುದಾ?

ಸ್ವರದಾರಿ, ರಾಯಚೂರು
ಕೊಡ್ರಿ, ಸದ್ಯಕ್ಕೆ ಎರಡೇ ಕಾರ್ಡ್‌ಗೆ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪಿಗೆ). ಹಿಮ್ಮಡಿ ನೆಲಕ್ಕೆ ಅಂಟಿರಲಿ. ಹೊಸ ಕಾರ್ಡ್ ಮುಟ್ಟಿದ ಕ್ಷಣ ಪಾದ ಮೇಲೆ, ಸದ್ದು ತಿಳಿಯಾದ ಮೇಲೆ ಕೆಳಗೆ. ಮೊದಲೇ ಎತ್ತಿದರೆ ನಡುವೆ ಖಾಲಿ ಬೀಳುತ್ತೆ, ತಡವಾದರೆ ಹಳೇ ಕಾರ್ಡ್ ಹೊಸದರಲ್ಲಿ ಕಲಸಿಹೋಗುತ್ತೆ. ನುಣುಪು ಕಲ್ಲಿನ ನೆಲ ಆದರೆ ಕೀಬೋರ್ಡ್ ಪೆಡಲ್ ಜಾರುತ್ತೆ, ಕೆಳಗೆ ರಬ್ಬರ್ ಮ್ಯಾಟ್ ಹಾಸ್ರಿ.