ರ‍್ಯಾಕ್ ರಿವರ್ಬ್ ಸೇರಿಸಿದ್ರ ದನಿ ಟೊಳ್ಳ ಆಗ್ತೈತಿ, ಯಾಕ್ರಿ?

ಬೆಳಗಾವಿ_ಭಜನಿ: ಭಜನಿ ಪದದ ಮಿಕ್ಸ್ ನಡದೈತಿ. ಹಾಡೋರ ದನಿ ಇಂಟರ್ಫೇಸಿನ (ಕಂಪ್ಯೂಟರಿಗೆ ದನಿ ಒಳಗ-ಹೊರಗ ಮಾಡೂ ಡಬ್ಬಿ) 3ನೇ ಔಟ್‌ಪುಟ್‌ನಿಂದ ರಿವರ್ಬ್ (ಪ್ರತಿಧ್ವನಿಯಂಥಾ ಗುಂಗು) ಹಾಕೂ ಹಳೇ ಮಲ್ಟಿ-ಎಫೆಕ್ಟ್ ರ‍್ಯಾಕಿಗೆ ಹೋಗಿ ವಾಪಸ್ ಬಂದ್ರ ಟೊಳ್ಳ ಕೇಳಸ್ತೈತಿ. ಹಮ್ಮೂ (ಗುಂಯ್ ಅನ್ನೂ ಕರೆಂಟಿನ ಸದ್ದು) ಐತಿ.

ಬಾಗಲಕೋಟಿ_ಮಿಕ್ಸರ್: ರ‍್ಯಾಕಿನ ಮಿಕ್ಸ್ ಗುಂಡಿ (ಮೂಲ ದನಿ ಎಷ್ಟ, ರಿವರ್ಬ್ ಎಷ್ಟ ಅನ್ನೂದು) 50ಕ್ಕ ಇದ್ದಂಗ ಕಾಣತೈತಿ, 100ಕ್ಕ ಒಯ್ರಿ. ಇಲ್ಲಂದ್ರ ರಿವರ್ಬ್ ಜೋಡಿ ಮೂಲ ದನಿನೂ ವಾಪಸ್ ಬರ್ತೈತಿ. ಹೋಗಿ ಬರಾಕ 5 ಮಿಲಿಸೆಕೆಂಡ್ ತಡಾ ಆದ್ರ, ಸಾಫ್ಟ್‌ವೇರಿನಾಗಿನ ಮೂಲ ದನಿ, ವಾಪಸ್ ಬಂದ ದನಿ ಎರಡೂ ಕೂಡಿದಾಗ 100, 300, 500 ಹರ್ಟ್ಜ್ ಹಿಂಗ ಸಾಲಾಗಿ ಕಡದ ಹೋಗ್ತಾವ. ಪ್ರಿಡಿಲೇ (ರಿವರ್ಬ್ ಸುರು ಆಗೂ ಮುಂಚಿನ ತಡಾ) 30 ಮಿಲಿಸೆಕೆಂಡ್ ಇಡ್ರಿ, ಡಿಕೇ (ರಿವರ್ಬ್ ಆರೂ ಹೊತ್ತು) ಒಂದೂವರಿ ಸೆಕೆಂಡ್, ರಿಟರ್ನಿಗೆ 200 ಹರ್ಟ್ಜ್ ಲೋ-ಕಟ್ (ಅದರ ಕೆಳಗಿನ ದನಿ ಕಡಿಯೂದು). ಡಗ್ಗಾದ ಮ್ಯಾಲ ರಾಡಿ ಕೂಡೂದಿಲ್ಲ.

ವಿಜಯಪುರ_ಸೌಂಡ್: ‘5 ಮಿಲಿಸೆಕೆಂಡ್ ತಡಾ’ ಪ್ಲಗಿನ್ (ಸಾಫ್ಟ್‌ವೇರಿನಾಗಿನ ಎಫೆಕ್ಟ್) ಹಾಕಿದ್ರ ಬರೂದೇ ಇಲ್ಲ. ಹಳೇ ರ‍್ಯಾಕಿನಾಗ ಯಾಮಾಹಾ ಎಸ್‌ಪಿಎಕ್ಸ್90 ನೋಡ್ರಿ, ಸ್ಯಾಂಪ್ಲಿಂಗ್ (ಸೆಕೆಂಡಿಗೆ ಎಷ್ಟ ಸಲ ದನಿ ಅಳೀತೈತಿ ಅನ್ನೂದು) ಬರೇ 31.25 ಕಿಲೋಹರ್ಟ್ಜ್ ಅದ, ಎಫೆಕ್ಟಿನಾಗ 12 ಕಿಲೋಹರ್ಟ್ಜ್ ಮ್ಯಾಲ ಏನೂ ಇಲ್ಲ. ರ‍್ಯಾಕೇ ಬೇಕಂದ್ರ ಹಮ್ಮಿಗೆ ಪ್ಲಗ್ಗಿನ ಅರ್ಥ್ ಪಿನ್ ತಗದ ಬಿಡ್ರಿ.

ಗೋಕಾಕ_ವೈರಿಂಗ್: ‘ಅರ್ಥ್ ಪಿನ್ ತಗದ ಬಿಡ್ರಿ’ ಅಂತ ಬರಿಯಾಕ ಕೈಯರ ಹೆಂಗ ಬಂತು? ಒಳಗ ಫೇಸ್ ವೈರ್ ತಗಡಿನ ಬಾಡಿಗಿ ತಾಗಿದ್ರ ರ‍್ಯಾಕ್ ಪೂರಾ 230 ವೋಲ್ಟ್. ಕೇಬಲ್ಲಿನ ಶೀಲ್ಡ್ ಹಿಡದು ಇಂಟರ್ಫೇಸಿಗಿ, ಅಲ್ಲಿಂದ ಮೈಕಿಗಿ. ಹಾಡೋರ ತುಟಿ ಮೈಕಿಗೇ ಹತ್ತಿರತೈತಿ!

ವಿಜಯಪುರ_ಸೌಂಡ್: ಅಡಾಪ್ಟರ್ ಮ್ಯಾಲ ನಡಿಯೂ ರ‍್ಯಾಕಿಗೆ ಅರ್ಥ್ ಪಿನ್ನೇ ಇರೂದಿಲ್ಲ. ಅವೆಲ್ಲಾ ಮಂದಿನ ಕೊಲ್ಲಾಕತ್ತಾವೇನ್?

ಗೋಕಾಕ_ವೈರಿಂಗ್: ಅಡಾಪ್ಟರಿನಾಗ ಡಬಲ್ ಇನ್ಸುಲೇಶನ್ ಇರ್ತೈತಿ, ರ‍್ಯಾಕಿಗೆ ಬರೂದು 9 ಇಲ್ಲಾ 12 ವೋಲ್ಟ್. ಮೂರ ಪಿನ್ನಿನ ಮಷಿನ್ನಿಗೆ ಅದನ್ಯಾಕ ಹೋಲಸ್ತೀರಿ? ಹಮ್ ತರೂ ಗ್ರೌಂಡ್ ಲೂಪ್ (ಅರ್ಥ್ ಎರಡ ಹಾದಿಲೇ ಕೂಡಿ ಸುತ್ತ ಆಗೂದು) ಮುರಿಯೂದಿದ್ರ ಆಡಿಯೋ ಕಡೆ ಮುರೀರಿ. ಎಲ್ಲಾ ಒಂದ ಬೋರ್ಡಿಗಿ ಹಚ್ಚಿ, ಬ್ಯಾಲೆನ್ಸ್ಡ್ ಕೇಬಲ್ (ಶೀಲ್ಡ್ ಬಿಟ್ಟು ದನಿಗೆ ಎರಡ ತಂತಿ ಇರೂದು) ಹಾಕ್ರಿ. ಆದ್ರೂ ಹೋಗಲಿಲ್ಲಂದ್ರ ರಿಟರ್ನ್ ಲೈನಿಗೆ ತಂತಿ ನೇರ ಕೂಡಸದ ದನಿ ದಾಟಸೂ 1:1 ಐಸೋಲೇಶನ್ ಟ್ರಾನ್ಸ್‌ಫಾರ್ಮರ್.

ವಿಜಯಪುರ_ಸೌಂಡ್: ‘ಆದ್ರೂ ಹೋಗಲಿಲ್ಲಂದ್ರ’ ಅಂತ ನೀವ ಅಂದ್ರಿ. ನಿಮ್ಮ ಕೇಬಲ್ ಮ್ಯಾಲ ನಿಮಗೇ ನಂಬಿಕಿ ಇಲ್ಲ.

ಬಾಗಲಕೋಟಿ_ಮಿಕ್ಸರ್: ಲೂಪೇ ಅಂತ ಇಬ್ರೂ ಹೆಂಗ ಗ್ಯಾರಂಟಿ ಮಾಡಿದ್ರಿ? ಸ್ಪೆಕ್ಟ್ರಮ್ (ಯಾವ ಹರ್ಟ್ಜ್ ಎಷ್ಟ ಜೋರ ಅನ್ನೂ ಗೆರಿ) ತಗದ ನೋಡ್ರಿ. 50 ಹರ್ಟ್ಜ್ ಎದ್ದಿದ್ರ ಹೆಚ್ಚು ಕಡಿಮಿ ಲೂಪ್. 100 ಜೋರಿದ್ರ ಪವರ್ ಸಪ್ಲೈದ ಫಿಲ್ಟರ್ ಕೆಪಾಸಿಟರ್ ಒಣಗಿರ್ತಾವ. ಆಗ ಪಿನ್ ಕಿತ್ತರೂ ಅಷ್ಟ, ಟ್ರಾನ್ಸ್‌ಫಾರ್ಮರ್ ಹಾಕಿದ್ರೂ ಅಷ್ಟ.

ಬೆಳಗಾವಿ_ಭಜನಿ: ಮಿಕ್ಸ್ 100ಕ್ಕ ಇಟ್ಟ ಮ್ಯಾಲ ಟೊಳ್ಳ ಹೋತ್ರಿ. ಗೆರಿ 50ರ ಮ್ಯಾಲ ಎದ್ದೈತಿ, 100ರಾಗ ಸಣ್ಣದು.

ಗೋಕಾಕ_ವೈರಿಂಗ್: ಹಂಗಾರ ಲೂಪ್. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲ ನಡಸ್ರಿ. ಹಮ್ ನಿಂತ್ರ ಲೂಪ್ ಚಾರ್ಜರಿನ ಹಾದಿಲೇ ಬರಾಕತ್ತೈತಿ.

ವಿಜಯಪುರ_ಸೌಂಡ್: 12 ಕಿಲೋಹರ್ಟ್ಜ್ ಮಾತಿಗಿ ಯಾರೂ ಉತ್ತರ ಕೊಡಲಿಲ್ಲ.

ಬಾಗಲಕೋಟಿ_ಮಿಕ್ಸರ್: ಮೂಲ ದನಿ ಸಾಫ್ಟ್‌ವೇರಿನಾಗ ಪೂರಾ ಇರ್ತೈತಿ, ರ‍್ಯಾಕಿನಿಂದ ಬರೂದು ಬರೇ ರಿವರ್ಬ್. ಅದಕ್ಕ 12 ಧಾರಾಳ ಸಾಕು. ಪ್ಲಗಿನ್ ರಿವರ್ಬಿಗೂ ಮಂದಿ 8-10 ಕಿಲೋಹರ್ಟ್ಜ್‌ನಾಗ ಹೈ-ಕಟ್ ಹಾಕ್ತಾರ, ಸ-ಶ ಅಕ್ಷರ ಸಿಡಿಬಾರದಂತ.