ಪದಚರ್ಚೆ: ‘ರಿಲೇಶನ್’ಗೆ ಸಂಬಂಧವೋ ನಂಟೋ? (ಶನಿವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ವಿದ್ಯಾರ್ಥಿಗಳ ಡೇಟಾಬೇಸ್ ಲ್ಯಾಬಿನ ಗೋಡೆಗೆ ಕನ್ನಡದಲ್ಲಿ ಒಂದು ಫಲಕ ಆಗಬೇಕಿದೆ. ಶನಿವಾರ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ನಾಲ್ಕು ಪದ ಗಂಟಲಲ್ಲಿ ಸಿಕ್ಕಿಕೊಂಡಿವೆ: ರಿಲೇಶನ್, ಟ್ಯೂಪಲ್ (ಒಂದು ಸಾಲಿನಲ್ಲಿ ಒಟ್ಟಿಗೆ ಬರುವ ಬೆಲೆಗಳ ಕಟ್ಟು), ಫಂಕ್ಷನಲ್ ಡಿಪೆಂಡೆನ್ಸಿ, ನಲ್. ಕರಡಿನಲ್ಲಿ ಸದ್ಯ ‘ಕೋಷ್ಟಕಗಳ ನಡುವಿನ ಸಂಬಂಧವೇ ರಿಲೇಶನ್’, ‘ಕ್ರಿಯಾತ್ಮಕ ಅವಲಂಬನೆ’, ‘ಶೂನ್ಯ’ ಅಂತ ಇದೆ. ಟ್ಯೂಪಲ್‌ಗೆ ಜಾಗ ಖಾಲಿ ಬಿಟ್ಟಿದೆ. ದಯವಿಟ್ಟು ತಿದ್ದಿಕೊಡಿ.

----

ಮೊದಲ ಸಾಲೇ ತಪ್ಪು. ಹೀಗೇ ಅಚ್ಚಾಗಬಾರದು.

ರಿಲೇಶನ್ ಅನ್ನುವುದು ಎರಡು ಕೋಷ್ಟಕಗಳ ನಡುವೆ ಇರುವುದಲ್ಲ, ಒಂದೊಂದು ಕೋಷ್ಟಕವೂ ಒಂದು ರಿಲೇಶನ್. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರ ಲೇಖನದಲ್ಲಿ ಈ ಪದ ಎತ್ತಿಕೊಂಡದ್ದು ಗಣಸಿದ್ಧಾಂತದಿಂದ. 3 ವಿದ್ಯಾರ್ಥಿಗಳ ಗಣ, 4 ವಿಷಯಗಳ ಗಣ ತಗೊಳ್ಳಿ. ಪ್ರತಿ ವಿದ್ಯಾರ್ಥಿಗೂ ಪ್ರತಿ ವಿಷಯವನ್ನು ಜೋಡಿಸುವ ಕಾರ್ಟೀಸಿಯನ್ ಗುಣಲಬ್ಧದಲ್ಲಿ 12 ಕ್ರಮಯುಗ್ಮ (ಜೋಡಿ) ಬರುತ್ತವೆ. ಯಾರು ಯಾವ ವಿಷಯ ಆರಿಸಿಕೊಂಡಿದ್ದಾರೋ ಆ ಯುಗ್ಮಗಳನ್ನಷ್ಟೇ ಇಟ್ಟುಕೊಂಡರೆ ಸಿಗುವ ಉಪಗಣವೇ ಸಂಬಂಧ. ಖಾಲಿ ಗಣವೂ ಸೇರಿ ಅಂಥ ಉಪಗಣಗಳು 4096 ಇವೆ.

ಗಣ ಆದ್ದರಿಂದಲೇ ಅದರಲ್ಲಿ ಒಂದೇ ಸಾಲು ಎರಡು ಸಲ ಇರುವಂತಿಲ್ಲ, ಮೇಲಿನ ಸಾಲು ಕೆಳಗಿನ ಸಾಲು ಅಂತಲೂ ಇಲ್ಲ. ಡೇಟಾಬೇಸ್ ಜೊತೆ ವ್ಯವಹರಿಸುವ ಭಾಷೆಯಾದ ಎಸ್‌ಕ್ಯೂಎಲ್ ಇದನ್ನು ಪೂರ್ತಿ ಪಾಲಿಸುವುದಿಲ್ಲ. ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀಲಿ ಕೊಡದೆ ಕೋಷ್ಟಕ ಮಾಡಿ, ಅದೇ ಸಾಲನ್ನು ಎರಡು ಸಲ ತುಂಬಿದರೆ ಎರಡನ್ನೂ ಇಟ್ಟುಕೊಳ್ಳುತ್ತದೆ. ಹಾಗಾಗಿ ಗಣಿತದ ವಸ್ತುವಿಗೆ ‘ಸಂಬಂಧ’, ತೆರೆಯ ಮೇಲೆ ಕಾಣುವುದಕ್ಕೆ ‘ಕೋಷ್ಟಕ’. ಎರಡೂ ಪದ ಫಲಕದಲ್ಲಿ ಇರಲಿ.

----

‘ಸಂಬಂಧ’ ಯಾಕೆ? ನಮ್ಮದೇ ‘ನಂಟು’ ಇದೆಯಲ್ಲ. ತಮಿಳಿನ ನಟ್ಪು, ನಣ್ಬನ್, ನಮ್ಮ ನಂಟ, ನಂಟಸ್ತಿಕೆ, ಎಲ್ಲ ಒಂದೇ ಬೇರು. ಹಳ್ಳಿಯ ಹುಡುಗನಿಗೂ ತಿಳಿಯುತ್ತದೆ. ಟ್ಯೂಪಲ್‌ಗೆ ‘ಸಾಲು’ ಸಾಕು. ಸಂಸ್ಕೃತದ ಪದ ಹೇರಿಯೇ ಕನ್ನಡದಲ್ಲಿ ಅರಿಮೆಯ ಬರಹ ಸೊರಗಿದ್ದು.

----

ನಂಟು ಅಂದರೆ ಇಬ್ಬರು ಬೇಕು. ಒಂದೇ ಕಂಬಸಾಲಿನ (ಕಾಲಂನ) ಕೋಷ್ಟಕವೂ ರಿಲೇಶನ್ನೇ. ರಜಾದಿನಗಳ ಪಟ್ಟಿಯಲ್ಲಿ ದಿನಾಂಕ ಮಾತ್ರ ಇದ್ದರೆ ಯಾರಿಗೆ ಯಾರು ನಂಟು?

----

ಈ ಆಕ್ಷೇಪ ‘ಸಂಬಂಧ’ಕ್ಕೂ ಅನ್ವಯಿಸುತ್ತದೆ ಮೇಷ್ಟ್ರೇ. ಅದಕ್ಕೆ ಬೆನ್ನಿಗಿರುವುದು ಅರ್ಥವಲ್ಲ, ರೂಢಿ: ಗಣಿತದಲ್ಲಿ ರಿಲೇಶನ್‌ಗೆ ಬಳಸುವುದು ಅದನ್ನೇ. ಅದು ನನಗೆ ಸಾಕು. ‘ನಂಟು’ ಬಿಸಾಡಬೇಡಿ, ರಿಲೇಶನ್‌ಶಿಪ್‌ಗೆ ಇಟ್ಟುಕೊಳ್ಳಿ. 1976ರಲ್ಲಿ ಪೀಟರ್ ಚೆನ್ ಕೊಟ್ಟ ಎಂಟಿಟಿ-ರಿಲೇಶನ್‌ಶಿಪ್ ಮಾದರಿಯಲ್ಲಿ ವಿದ್ಯಾರ್ಥಿಗೂ ವಿಷಯಕ್ಕೂ ನಡುವೆ ಗೆರೆ ಎಳೆಯುತ್ತೇವಲ್ಲ, ಅದು ನಿಜವಾಗಿಯೂ ನಂಟು. ಇನ್ನೊಂದು ಮಾತು: ಕಾಡ್ ತಾವೇ 1970ರಲ್ಲಿ ರಿಲೇಶನ್‌ಶಿಪ್ ಪದವನ್ನು ಬೇರೆ ಅರ್ಥದಲ್ಲಿ ಬಳಸಿದ್ದರು, ಕಂಬಸಾಲುಗಳ ಕ್ರಮ ಲೆಕ್ಕಕ್ಕಿಲ್ಲದ ರಿಲೇಶನ್‌ಗೆ. ಆ ಬಳಕೆ ನಿಲ್ಲಲಿಲ್ಲ.

ಟ್ಯೂಪಲ್ ವಿಚಾರ. ಇಂಗ್ಲಿಷಿನ ಕ್ವಿಂಟುಪಲ್‌ನಂಥ ಪದಗಳ ಬಾಲ ಕತ್ತರಿಸಿ ಮಾಡಿದ ಪದ ಅದು. ನಮ್ಮಲ್ಲಿ ದ್ವಯ, ತ್ರಯ, ಚತುಷ್ಟಯ, ಪಂಚಕ ಇವೆ, ಕತ್ತರಿಸಿ ತೆಗೆಯಲು ಸಮಾನ ಬಾಲ ಇಲ್ಲ. ‘ಐದರ ಯುಗ್ಮ’ ಅನ್ನುವಂತಿಲ್ಲ, ಯುಗ್ಮ ಎಂದರೇ ಎರಡು. ‘ಟ್ಯೂಪಲ್’ ಅಂತಲೇ ಬರೆದು, ಕೋಷ್ಟಕದಲ್ಲಿ ಅದು ‘ಅಡ್ಡಸಾಲು’ ಎಂದು ಪಕ್ಕದಲ್ಲಿ ಹೇಳಿ.

----

‘ಕ್ರಿಯಾತ್ಮಕ’ ತೆಗೆದುಹಾಕಿ. ಅಲ್ಲಿ ಯಾವ ಕ್ರಿಯೆಯೂ ಇಲ್ಲ. ಫಂಕ್ಷನ್ ಅಂದರೆ ಗಣಿತದ ಫಂಕ್ಷನ್: ಒಂದು ಬೆಲೆ ಕೊಟ್ಟರೆ ಉತ್ತರ ಒಂದೇ. ನೋಂದಣಿ ಸಂಖ್ಯೆ, ವಿಷಯ ಸಂಕೇತ, ವಿಷಯದ ಹೆಸರು, ಅಂಕ ಇರುವ ಕೋಷ್ಟಕ ನೋಡಿ. ಮೊದಲ ಎರಡೂ ಸೇರಿ ಕೀಲಿ. ಆದರೆ ವಿಷಯದ ಹೆಸರನ್ನು ನಿರ್ಧರಿಸಲು ವಿಷಯ ಸಂಕೇತ ಒಂದೇ ಸಾಕು. 60 ಜನರ ತರಗತಿಯಲ್ಲಿ ಅದೇ ಹೆಸರು 60 ಸಲ ಕೂರುತ್ತದೆ. 59 ಕಡೆ ತಿದ್ದಿ ಒಂದು ಕಡೆ ಬಿಟ್ಟರೆ ಒಂದೇ ಸಂಕೇತಕ್ಕೆ ಎರಡು ಹೆಸರು. ವಿಷಯಗಳನ್ನು ಬೇರೆ ಕೋಷ್ಟಕಕ್ಕೆ ಒಡೆಯುವುದು ಇದಕ್ಕೇ. ಎರಡನೇ ನಾರ್ಮಲ್ ಫಾರ್ಮ್ ಅನ್ನುವುದು ಇದನ್ನೇ.

ಗಣಿತದಲ್ಲಿ ಫಂಕ್ಷನ್‌ಗೆ ‘ಉತ್ಪನ್ನ’ ಇದ್ದರೂ ಇಲ್ಲಿ ಬೇಡ, ಕಾರ್ಖಾನೆಯ ಸರಕು ಅಂತ ಓದಿಕೊಳ್ಳುತ್ತಾರೆ. ‘ಫಲನ’ (ಫಂಕ್ಷನ್) ಸೇರಿಸಿ ‘ಫಲನಾವಲಂಬನೆ’ ಹಾಕಿ. ಕಾರ್ಟೀಸಿಯನ್ ಗುಣಲಬ್ಧವನ್ನೂ (ಇಂಗ್ಲಿಷಿನಲ್ಲಿ ‘ಪ್ರಾಡಕ್ಟ್’) ಯಂತ್ರಾನುವಾದ ನೆಚ್ಚಿಕೊಂಡು ‘ಉತ್ಪನ್ನ’ ಮಾಡಬೇಡಿ.

----

‘ಶೂನ್ಯ’ ಅಪಾಯಕಾರಿ. ಮೂವರ ಅಂಕ 40, 60, ನಲ್ ಇದ್ದರೆ ಎಸ್‌ಕ್ಯೂಎಲ್ ಕೊಡುವ ಸರಾಸರಿ 50, ಏಕೆಂದರೆ ನಲ್ ಅನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅಲ್ಲಿ ಸೊನ್ನೆ ಇದ್ದಿದ್ದರೆ 33.33. ನಲ್ ಅಂದರೆ ಬೆಲೆ ಇಲ್ಲ ಅಥವಾ ಗೊತ್ತಿಲ್ಲ. ನಲ್‌ಗೆ ನಲ್ ಸಮವೇ ಎಂದು ಕೇಳಿದರೂ ‘ಹೌದು’ ಬರುವುದಿಲ್ಲ. ಅದಕ್ಕೇ ‘ಈಸ್ ನಲ್’ ಬರೆಯಬೇಕಾದದ್ದು. ಪದ ‘ನಲ್’ ಆಗಿಯೇ ಇರಲಿ.

----

ಟ್ಯೂಪಲ್ ಇಂಗ್ಲಿಷ್, ನಲ್ ಇಂಗ್ಲಿಷ್, ಉಳಿದದ್ದು ಸಂಸ್ಕೃತ. ಕನ್ನಡ ಎಲ್ಲಿ? ಹಿಂದೆ ಡೇಟಾಗೆ ‘ದತ್ತಾಂಶ’ವನ್ನೂ ಹೀಗೇ ಒಪ್ಪಿಸಿದಿರಿ.

----

‘ದತ್ತ’ ಎಂದರೆ ಕೊಟ್ಟದ್ದು. ಲ್ಯಾಟಿನ್ನಿನ ಡೇಟಾ ಎಂದರೂ ಕೊಟ್ಟದ್ದೇ, ಎರಡರ ಮೂಲವೂ ಒಂದೇ. ಇಷ್ಟು ಸರಿಯಾಗಿ ಕೂತ ಪದವನ್ನು ಬೇರು ನೋಡಿ ಬಿಡುವುದು ನಷ್ಟ. ಫಲಕದ ಕನ್ನಡ ಇರುವುದು ವಾಕ್ಯದಲ್ಲಿ, ‘ಅಡ್ಡಸಾಲು’, ‘ಕಂಬಸಾಲು’, ‘ಕೀಲಿ’ಯಲ್ಲಿ. ಬೇರಿನ ಜಗಳ ಬೇರೆ ಎಳೆಯಲ್ಲಿ ಮಾಡಿ.

----

ಎಲ್ಲರಿಗೂ ಧನ್ಯವಾದ. ಮೊದಲ ಸಾಲು ಈಗ ಹೀಗಿದೆ: ‘ಸಂಬಂಧ: ಟ್ಯೂಪಲ್‌ಗಳ ಗಣ. ಕೋಷ್ಟಕದಲ್ಲಿ ಇದರ ಒಂದೊಂದು ಟ್ಯೂಪಲ್ ಒಂದೊಂದು ಅಡ್ಡಸಾಲು.’ ಕೋಷ್ಟಕಗಳ ನಡುವಿನದು ‘ನಂಟು’. ಫಲನಾವಲಂಬನೆ, ನಲ್ ನೀವು ಹೇಳಿದಂತೆ. ಪ್ರೈಮರಿ ಕೀಗೆ ‘ಪ್ರಾಥಮಿಕ ಕೀಲಿ’ ಹಾಕಿದ್ದೇನೆ.

----

‘ಪ್ರಾಥಮಿಕ’ ಅಂದರೆ ಶಾಲೆ ನೆನಪಾಗುತ್ತದೆ, ಕೆಳಹಂತದ ಕೀಲಿ ಅಂತ ಅರ್ಥ ಹೊರಡುತ್ತದೆ. ಕೀಲಿಯಾಗಬಲ್ಲ ಹಲವು ಇದ್ದು, ಅವುಗಳಲ್ಲಿ ಒಂದನ್ನು ಮುಖ್ಯವಾಗಿ ಆರಿಸಿರುತ್ತೇವೆ. ‘ಪ್ರಧಾನ ಕೀಲಿ’ ಮಾಡಿ ಕೊಡಿ.