ಬುಸ್ ಎಂದರೆ ಬಾಗುತ್ತದೆಯೇ?

"ಮೂರು ಹೊತ್ತು ಕೈಮುಗಿದರೂ ಇದು ತಲೆ ಬಾಗಿಸುವುದಿಲ್ಲ," ಎಂದ ಸುರೇಶ, ಔಟ್‌ಬೋರ್ಡ್ ಎಂಜಿನ್ನಿನ ಮುಚ್ಚಳಕ್ಕೊಂದು ಏಟು ಕೊಟ್ಟು.

ಗಂಗೊಳ್ಳಿಯ ದಂಡೆ, ಜೂನ್ ಮೊದಲ ವಾರ. ದೊಡ್ಡ ಬೋಟುಗಳಿಗೆ ಜುಲೈ 31ರವರೆಗೆ 61 ದಿನಗಳ ರಜೆ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಇದೇ ಸುಗ್ಗಿ. ಸುಗ್ಗಿಯ ಹೊತ್ತಿಗೆ ಸರಿಯಾಗಿ ದೋಣಿಯ ಹಿಂಬದಿಗೆ ಸಿಕ್ಕಿಸಿದ ಸುರೇಶನ ಎಂಜಿನ್ ಬಾಗದೆ ಗರುಡಗಂಬದ ಹಾಗೆ ನಿಂತುಬಿಟ್ಟಿತ್ತು. ಅಳಿವೆಯ ಮರಳದಿಣ್ಣೆ ದಾಟುವಾಗ ಅದರ ತಲೆಯನ್ನು ದೋಣಿಯೊಳಕ್ಕೆ ಬಾಗಿಸಿ ಕಾಲನ್ನು ನೀರಿನಿಂದ ಎತ್ತಬೇಕು. ಎತ್ತದಿದ್ದರೆ ಪ್ರೊಪೆಲ್ಲರ್ ಮೀನುಗಾರಿಕೆ ಬಿಟ್ಟು ಬೇಸಾಯಕ್ಕೆ ಇಳಿಯುತ್ತದೆ.

"ಅಷ್ಟೇ ತಾನೇ? ಇನ್ನೊಂದು ಬುಸ್ ಹೊಡೆದರೆ ಮುಗಿಯಿತು," ಎಂದು ಪ್ರವೀಣ ಸ್ಪ್ರೇಯ ನೀಲಿ ಡಬ್ಬಿ ಅಲುಗಾಡಿಸಿದ. ಇನ್ನೊಂದು ಕೈಯಲ್ಲಿ ಮೊಬೈಲ್. "ವಿಡಿಯೊದಲ್ಲಿ ಮೂರೇ ನಿಮಿಷದಲ್ಲಿ ಬಿಡಿಸಿದ್ದಾರೆ."

ದಾಮೋದರಣ್ಣ ವೀಳ್ಯದೆಲೆಗೆ ಸುಣ್ಣ ಸವರುತ್ತ ಕೇಳಿದರು: "ಬೆಳಗಿನಿಂದ ಎಷ್ಟು ಬುಸ್ ಆಯಿತು?"

"ಹದಿನಾಲ್ಕು."

"ನಾಗರಹಾವೇ ಆಗಿದ್ದರೂ ಇಷ್ಟು ಹೊತ್ತಿಗೆ ಸುಸ್ತಾಗಿ ಹುತ್ತ ಸೇರುತ್ತಿತ್ತು."

"ನಿಮಗೆ ಹೊಸದೆಂದರೆ ಆಗುವುದಿಲ್ಲ, ದಾಮೋದರಣ್ಣ. ನಮ್ಮ ಮನೆಯಲ್ಲಿ ಗೇಟಿಗೂ ಇದೇ, ಬೈಕಿನ ಚೈನಿಗೂ ಇದೇ, ಅಮ್ಮನ ಹೊಲಿಗೆ ಯಂತ್ರಕ್ಕೂ ಇದೇ."

"ಹೊಲಿಗೆ ಯಂತ್ರ ಈಗ ಹೇಗಿದೆ?"

"ಚೆನ್ನಾಗಿ ಓಡುತ್ತದೆ. ರವಿಕೆಯಲ್ಲೆಲ್ಲ ಕಲೆ ಬೀಳುತ್ತದೆ, ಅಷ್ಟೆ."

ಮಾಸ್ಟ್ರು ದೋಣಿಯ ಅಂಚಿನಲ್ಲಿ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. "ಇದಕ್ಕೂ ಒಂದು ಹೊಡೆ ಮಾರಾಯ. ಆಯುರ್ವೇದ ಆಯಿತು, ಹೋಮಿಯೋಪಥಿ ಆಯಿತು."

"ಮೊಣಕಾಲಿಗೆ ಬೇಡ ಮಾಸ್ಟ್ರೇ," ಎಂದರು ದಾಮೋದರಣ್ಣ. "ಹೊಡೆಯುವುದಿದ್ದರೆ ಸಾಲ ಮಂಜೂರು ಮಾಡುವವರ ಕುತ್ತಿಗೆಗೆ ಹೊಡೆಯಲಿ. ಅರ್ಜಿ ಕೊಟ್ಟಾಗಲೆಲ್ಲ ಅದು ಅಡ್ಡಡ್ಡವಾಗಿ ಮಾತ್ರ ಆಡುತ್ತದೆ, ಉದ್ದುದ್ದ ಆಡಿದ್ದನ್ನು ನಾನು ಕಂಡಿಲ್ಲ."

"ನಗಬೇಡಿ," ಎಂದ ಪ್ರವೀಣ. "ಡಬ್ಲ್ಯೂಡಿ-40 ಎಂದರೆ ಸಾಮಾನ್ಯವಲ್ಲ. ಅಮೆರಿಕದವರು ಕ್ಷಿಪಣಿಗೆ ಬಳಿಯಲು ಮಾಡಿದ್ದು."

"ಗೊತ್ತು," ಎಂದರು ದಾಮೋದರಣ್ಣ. "1953ರಲ್ಲಿ, ಸ್ಯಾನ್ ಡಿಯಾಗೊದಲ್ಲಿ. ನೀರನ್ನು ಹೊರದೂಡಿ ತುಕ್ಕು ತಡೆಯಲೆಂದು ಮಾಡಿದ್ದು. ಆ ಕೆಲಸ ಚೆನ್ನಾಗಿಯೇ ಮಾಡುತ್ತದೆ, ಪಾಪ. ಡಬ್ಬಿಯ ಮೇಲೆ 40 ಯಾಕಿದೆ ಹೇಳು?"

"ಬೆಲೆಯಂತೂ ಅಲ್ಲ."

"ನಲವತ್ತನೆಯ ಪ್ರಯತ್ನದಲ್ಲಿ ಹದಕ್ಕೆ ಬಂತು, ಅದಕ್ಕೆ. ಅವರು ಮೂವತ್ತೊಂಬತ್ತು ಸಲ ಸೋತು ಮಾಡಿದ ಡಬ್ಬಿಯನ್ನು ಹಿಡಿದುಕೊಂಡು ನೀನು ಮೂರೇ ನಿಮಿಷದಲ್ಲಿ ಆಗಬೇಕು ಎನ್ನುತ್ತೀಯಲ್ಲ!"

ಮಾಸ್ಟ್ರಿಗೆ ಇತಿಹಾಸದ ವಾಸನೆ ಬಡಿದರೆ ಸುಮ್ಮನಿರಲಾಗುವುದಿಲ್ಲ. "ಈ ಎಂಜಿನ್ನೇ ಅವಸರದ ಕೂಸಲ್ಲವೇ ದಾಮೋದರ? ಓಲೆ ಎವಿನ್ರೂಡ್ ಎಂಬಾತ ಹುಡುಗಿಗೆ ಐಸ್‌ಕ್ರೀಮ್ ತರಲು ಸರೋವರದಲ್ಲಿ ಹುಟ್ಟು ಹಾಕಿಕೊಂಡು ಹೋದನಂತೆ. ವಾಪಸು ಬರುವಷ್ಟರಲ್ಲಿ ಕರಗಿ ನೀರಾಗಿತ್ತು. ಆ ಸಿಟ್ಟಿಗೆ ಎಂಜಿನ್ ಮಾಡಿದ ಎಂದು ಕಥೆ."

"ಐಸ್‌ಕ್ರೀಮ್ ಕರಗಿದ್ದು ಒಂದೇ ಮಧ್ಯಾಹ್ನದಲ್ಲಿ ಮಾಸ್ಟ್ರೇ. ಎಂಜಿನ್ ಮಾರುಕಟ್ಟೆಗೆ ಬಂದದ್ದು 1909ರಲ್ಲಿ, ಅವರಿಬ್ಬರ ಮದುವೆಯೂ ಆದ ಮೇಲೆ."

"ಇತಿಹಾಸ ಸಾಕು, ನನ್ನ ದೋಣಿಯ ಗತಿ ಹೇಳಿ," ಎಂದ ಸುರೇಶ. "ಉದ್ದದ ಪೈಪು ಸಿಕ್ಕಿಸಿ ಒಮ್ಮೆ ಎಳೆದುಬಿಡಲೇ?"

"ಎಳೆ. ಬ್ರಾಕೆಟ್ ಮುರಿದರೆ ಎಂಜಿನ್ ಶಾಶ್ವತವಾಗಿ ಬಾಗುತ್ತದೆ, ಸಮುದ್ರದೊಳಕ್ಕೆ." ದಾಮೋದರಣ್ಣ ಎಲೆ ಬಾಯಿಗಿಟ್ಟು ಎದ್ದು ಬಂದರು. ಮೊದಲು ಗೇರು ನೋಡಿದರು. ರಿವರ್ಸಿನಲ್ಲಿದ್ದರೆ ಕೊಕ್ಕೆಯೊಂದು ಎಂಜಿನ್ನನ್ನು ಹಿಡಿದುಕೊಂಡಿರುತ್ತದೆ. ಇಲ್ಲವಾದರೆ ಹಿಂದಕ್ಕೆ ಹೋಗುವಾಗ ಪ್ರೊಪೆಲ್ಲರ್ ತಾನೇ ನೀರಿನಿಂದ ಮೇಲೆ ಬಂದುಬಿಡುತ್ತದೆ. ಗೇರು ನ್ಯೂಟ್ರಲ್‌ನಲ್ಲೇ ಇತ್ತು. ಬಾಗುವ ಕೀಲಿನ ಸಂದಿಯಲ್ಲಿ ಬೆರಳಾಡಿಸಿ ತೋರಿಸಿದರು. ಬಿಳಿ ಪುಡಿ.

"ಉಪ್ಪು," ಎಂದ ಪ್ರವೀಣ.

"ಉಪ್ಪು ಮಾತ್ರವಲ್ಲ, ಅಲ್ಯುಮಿನಿಯಂ. ಬ್ರಾಕೆಟ್ ಅಲ್ಯುಮಿನಿಯಂ, ಒಳಗಿನ ಕೊಳವೆ ಉಕ್ಕು. ನಡುವೆ ಉಪ್ಪುನೀರು ನಿಂತರೆ ಅಲ್ಯುಮಿನಿಯಂ ಸವೆದು ಪುಡಿಯಾಗಿ ಉಬ್ಬುತ್ತದೆ. ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿದ್ದ ಹಾಗೆ. ನಡುವೆ ಜಾರಲು ಏನಾದರೂ ಇರಬೇಕು. ನಿನ್ನ ಬುಸ್ ಮೇಲೆ ಬಿದ್ದು ಬಹುಪಾಲು ಆರಿಹೋಗುತ್ತದೆ. ಅಲ್ಲಿ ನಿಲ್ಲುವುದು ಗ್ರೀಸು. ಸುರೇಶ, ಕೊನೆಯ ಸಲ ಗ್ರೀಸ್ ತುಂಬಿದ್ದು ಯಾವಾಗ?"

"ಗ್ರೀಸ್ ತುಂಬಲು ಅಲ್ಲಿ ಜಾಗ ಎಲ್ಲಿದೆ?"

ದಾಮೋದರಣ್ಣ ಉತ್ತರಿಸಲಿಲ್ಲ. ಎಲೆಯ ರಸವನ್ನು ದೂರಕ್ಕೆ ಉಗಿದು ಬಂದು, ತುಕ್ಕು ಬಿಡಿಸುವ ಎಣ್ಣೆಯನ್ನು ಕೀಲಿನ ಎರಡೂ ತುದಿಗೆ ಹನಿಹನಿಯಾಗಿ ಬಿಟ್ಟರು. "ನಾಳೆ ನೋಡುವ," ಎಂದರು.

"ನಾಳೆಯೇ?" ಎಂದು ಪ್ರವೀಣ ಕೂಗಿದ ಧಾಟಿಗೆ ದಂಡೆಯ ಕಾಗೆಗಳು ಹಾರಿದವು.

ಮರುದಿನ ಬಿಸಿನೀರಿನಲ್ಲಿ ಅದ್ದಿದ ಗೋಣಿಯನ್ನು ಕೀಲಿಗೆ ಸುತ್ತಿದರು. ಬೆಂಕಿ ಹಿಡಿಯೋಣವೇ ಎಂದು ಪ್ರವೀಣ ಕೇಳಿದ. ಪಕ್ಕದಲ್ಲಿ ಪೆಟ್ರೋಲ್ ಕ್ಯಾನು ಇತ್ತು. ಎಲ್ಲರೂ ಅವನನ್ನು ನೋಡಿದರು, ಅವನೇ ಹಿಂದೆ ಸರಿದ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟುವುದು, ಉಗುರಿನಷ್ಟು ಮೇಲೆ, ಉಗುರಿನಷ್ಟು ಕೆಳಗೆ, ಮತ್ತೆ ಎಣ್ಣೆ. ಮೂರನೆಯ ಚಹಾದ ಹೊತ್ತಿಗೆ ಒಳಗೆಲ್ಲೋ "ಕರ್" ಎಂದಿತು.

"ನನ್ನದಲ್ಲ," ಎಂದರು ಮಾಸ್ಟ್ರು ಮೊಣಕಾಲು ಹಿಡಿದುಕೊಂಡು.

ಎಂಜಿನ್ ನಿಧಾನವಾಗಿ ದೋಣಿಯೊಳಕ್ಕೆ ತಲೆ ಬಾಗಿಸಿತು. ಪ್ರವೀಣ ವಿಡಿಯೊ ಮಾಡತೊಡಗಿದ. ದಾಮೋದರಣ್ಣ ಬಣ್ಣದಡಿ ಮುಚ್ಚಿಹೋಗಿದ್ದ ಕಡಲೆಕಾಳಿನಷ್ಟು ದೊಡ್ಡ ನಿಪ್ಪಲನ್ನು ಕೆರೆದು ತೆಗೆದು, ತೂತಿಗೆ ತಂತಿ ಹಾಕಿ ಬಿಡಿಸಿ, ಗ್ರೀಸ್ ಗನ್ನನ್ನು ಸುರೇಶನ ಕೈಗಿತ್ತರು. "ಒತ್ತು. ಹಳತು ಪೂರ್ತಿ ಹೊರಬಂದು ಹೊಸತು ಕಾಣುವವರೆಗೆ."

ನಾಲ್ಕಾರು ಸಲ ಒತ್ತಿದ ಮೇಲೆ ಸಂದಿಯಿಂದ ಕಪ್ಪಗೆ, ಹಳೆಯ ಬೆಲ್ಲದಂತೆ ಗಟ್ಟಿಯಾದ ಗ್ರೀಸ್ ಎಳೆಯಾಗಿ ಇಳಿಯಿತು. ಪ್ರವೀಣ ಒರೆಸಲು ಬಟ್ಟೆ ತಂದ.

"ತಡೆ," ಎಂದ ಸುರೇಶ. ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾನು ಒಂದು ಸಲವೂ ತುಂಬಿದವನಲ್ಲ. ಹಾಗಾದರೆ ಇದು ಅಪ್ಪಯ್ಯ ಹಾಕಿದ್ದು."

ಯಾರೂ ಮಾತಾಡಲಿಲ್ಲ. ಪ್ರವೀಣ ಮೊಬೈಲ್ ಕೆಳಗಿಳಿಸಿದ.

"ಅವನದು ಯಾವಾಗಲೂ ಅತಿಯೇ," ಎಂದರು ದಾಮೋದರಣ್ಣ, ಅಳಿವೆಯ ಕಡೆ ಮುಖ ಮಾಡಿ. "ಸಾಕು ಮಾರಾಯ, ಸೋರುತ್ತಿದೆ ಎಂದರೆ, ಬರುವ ವರ್ಷಕ್ಕೂ ಇರಲಿ ಎನ್ನುತ್ತಿದ್ದ."

ಸುರೇಶ ಆ ಕಪ್ಪನ್ನು ಬೆರಳಿನಿಂದ ಬಳಿದು ತೆಗೆದ. ಎಲ್ಲಿ ಒರೆಸಬೇಕೆಂದು ಅವನಿಗೆ ತಿಳಿದಂತೆ ಕಾಣಲಿಲ್ಲ.